ಓದಿ ಮುಗಿದ ಸಾಲುಗಳು

ಪರದೆಯ ಮೇಲೆ ‘ಯಾರೂ ಇಲ್ಲ’ ಎಂದು ಬಂದಾಗ ಕಣ್ಣಾಸ್ಪತ್ರೆಯ ಕಚೇರಿಯಲ್ಲಿದ್ದವರೆಲ್ಲ ಎಲ್ಲರಿಗೂ ಸಂದೇಶ ಹೋಯಿತೆಂದು ಕುರ್ಚಿಗೆ ಒರಗಿದರು. ಆ ಪ್ರೋಗ್ರಾಂ ಬರೆದ ಹೆಂಗಸಿಗೆ ಮಾತ್ರ ಕೂತಲ್ಲಿ ಕೂರಲಾಗಲಿಲ್ಲ.

ಒಂದು ಬ್ಯಾಚಿನ ಕಣ್ಣಿನ ಹನಿ ಕೆಟ್ಟಿದೆಯೆಂದು ಮಧ್ಯಾಹ್ನ ತಿಳಿದಿತ್ತು. ಹಾಕಿಕೊಂಡರೆ ದೃಷ್ಟಿಯೇ ಹೋಗಬಹುದು. ಆ ಬಾಟಲಿ ಒಯ್ದವರನ್ನೆಲ್ಲ ಡೇಟಾಬೇಸಿನಿಂದ ತೆಗೆದು, ಸಂಜೆಯ ಹನಿಗೆ ಮುಂಚೆ ಫೋನಿಗೆ ಸಂದೇಶ ಕಳಿಸಬೇಕಿತ್ತು.

ಅವಳ ಅತ್ತೆಯೂ ಇಲ್ಲಿಂದಲೇ ಹನಿ ಒಯ್ದಿದ್ದರು. ಯಾವ ಬ್ಯಾಚೋ ಗೊತ್ತಿಲ್ಲ. ಮಾವ ತೀರಿಕೊಂಡ ಮೇಲೆ ಅತ್ತೆಯ ಚೀಟಿಗೆ ಸೊಸೆಯ ಫೋನ್ ನಂಬರನ್ನೇ ಕೊಟ್ಟಿದ್ದರು. ಆ ದಿನ ಗುಮಾಸ್ತ, “ಗಂಡ ಇಲ್ವಾಮ್ಮಾ?” ಎಂದಿದ್ದಕ್ಕೆ ಅತ್ತೆ, “ಇಲ್ಲ ಅಂತ ಬರೀಬೇಡಪ್ಪಾ. ಇದ್ರು. ತಮ್ಮ ಪಾಲಿಂದು ಮುಗಿಸಿ ಹೋದ್ರು,” ಎಂದಿದ್ದರು.

ಈಗ ಸೊಸೆಯ ಫೋನು ಸುಮ್ಮನೆ ಬಿದ್ದಿತ್ತು. ಅತ್ತೆಯ ಬಾಟಲಿ ಒಳ್ಳೆಯದೋ, ಇಲ್ಲ ಸಂದೇಶವೇ ಹೋಗಿಲ್ಲವೋ? ಮನೆಗೆ ಫೋನ್ ಮಾಡಿದಳು, ಎತ್ತಲಿಲ್ಲ. ಜಪಕ್ಕೆ ಕೂತಿದ್ದಾರೆ. ಎದ್ದ ಕೂಡಲೇ ಹನಿ.

“ಅಕ್ಕಾ, ಕಾಲಿಗೆ ಚಕ್ರ ಕಟ್ಟಿದ್ದಾರಾ? ಕೂತ್ಕೊಳ್ಳಿ,” ಎಂದ ಜೊತೆಗೆ ಕೆಲಸ ಮಾಡುವವನು. ಎಲ್ಲರೂ ಅವನನ್ನು ಗಡಿಬಿಡಿ ಎಂದೇ ಕರೆಯುತ್ತಿದ್ದರು. ಸಂದೇಶ ಕಳಿಸಲು ಕೂತಿದ್ದವನು ಅವನೇ.

“ಕಳಿಸೋಕೆ ಮುಂಚೆ ಏನ್ಮಾಡ್ದೆ?”

“ಎಷ್ಟು ಜನ ಅಂತ ಎಣಿಸ್ದೆ. ನಾನೂರರ ಮೇಲಿದ್ರು. ಆಮೇಲೆ ಅದನ್ನೇ ಕಳಿಸೋದಕ್ಕೆ ಕೊಟ್ಟೆ.”

“ಅದನ್ನೇ? ಮತ್ತೆ ಕೇಳಿ ತರ್ಲಿಲ್ವಾ?”

“ತಂದಿದ್ದು ಕೈಲೇ ಇತ್ತಲ್ಲ!”

ಅವಳು ಅವನ ಪರದೆಯತ್ತ ಬಗ್ಗಿದಳು. ಡೇಟಾಬೇಸಿನ ಉತ್ತರ ಒಂದೊಂದೇ ಸಾಲಾಗಿ ಬರುತ್ತದೆ. ಕೊನೆ ಮುಟ್ಟಿದ ಮೇಲೆ ತಾನಾಗಿ ಹಿಂದಕ್ಕೆ ಹೋಗುವುದಿಲ್ಲ. ಎಣಿಸುವಾಗಲೇ ಸಾಲುಗಳೆಲ್ಲ ಓದಿ ಮುಗಿದಿದ್ದವು. ಕಳಿಸುವ ಹೊತ್ತಿಗೆ ‘ಮುಂದಿನವರು ಯಾರು?’ ಎಂದರೆ ‘ಯಾರೂ ಇಲ್ಲ’ ಎಂಬ ಉತ್ತರ. ಮೊದಲಿಂದ ಯಾರೂ ಇರದಿದ್ದರೂ ಅದೇ, ಎಲ್ಲರನ್ನೂ ಓದಿ ಮುಗಿಸಿದ್ದರೂ ಅದೇ. ಎರಡಕ್ಕೂ ಒಂದೇ ಉತ್ತರ ಸಾಕು, ಬಳಸುವವರಿಗೆ ಸುಲಭ ಎಂದು ವಾದಿಸಿ ಹಾಗೆ ಬರೆದವಳು ಅವಳೇ.

ಅವಳು ಹೊಸದಾಗಿ ಕೇಳಿ, ಎಣಿಸದೆ, ನೇರವಾಗಿ ಕಳಿಸಿದಳು. ಮೇಜಿನ ಮೇಲೆ ಅವಳ ಫೋನು ಗುರ್ರೆಂದಿತು. ಬಂದ ಸಂದೇಶದಲ್ಲಿ ಅತ್ತೆಯ ಹೆಸರು.

ಮನೆಗೆ ಮತ್ತೆ ಫೋನ್ ಮಾಡಿದಳು. ಹೊಡೆದುಕೊಂಡು ನಿಂತಿತು. ‘ದೇವರೇ, ಆ ಕಣ್ಣು ಕಾಯಪ್ಪಾ’ ಎನ್ನುತ್ತ ಮತ್ತೊಮ್ಮೆ ಮಾಡಿದಳು.

“ಏನೇ ಅದು, ಮನೆಗೆ ಬೆಂಕಿ ಬಿದ್ದೋರ ಹಾಗೆ!”

“ಅತ್ತೇ, ಹನಿ ಹಾಕ್ಕೊಂಡ್ರಾ?”

“ಜಪ ಮುಗೀದೆ ಎಲ್ಲಿಂದ ಹಾಕ್ಕೊಳ್ಳಲಿ? ನಿನ್ನ ದೆಸೆಯಿಂದ ಎಣಿಕೆ ತಪ್ತು. ಇನ್ನು ಮೊದಲಿಂದ ಮಾಡ್ಬೇಕು.”

“ಮಾಡಿ ಅತ್ತೇ, ಮೊದಲಿಂದಲೇ ಮಾಡಿ. ಆ ಬಾಟ್ಲಿ ಮಾತ್ರ ಮುಟ್ಬೇಡಿ.”

ಕಣ್ಣೊರೆಸಿಕೊಂಡು ಅವಳು ಪ್ರೋಗ್ರಾಮಿನಲ್ಲಿ ತಾನು ಬರೆದ ಆ ಸಾಲನ್ನು ತೆರೆದಳು.

“ನಾಳೆ ಮಾಡೋಣ ಬಿಡಿ ಅಕ್ಕಾ,” ಎಂದ ಗಡಿಬಿಡಿ.

“ಇಲ್ಲ ಕಣೋ. ಈಗ್ಲೇ.”

‘ಯಾರೂ ಇಲ್ಲ’ ಎಂಬುದನ್ನು ನಿಜಕ್ಕೂ ಯಾರೂ ಇರದಾಗಿನ ಉತ್ತರಕ್ಕೆ ಉಳಿಸಿದಳು. ಮುಗಿದದ್ದನ್ನು ಮತ್ತೆ ಕೇಳಿದರೆ ಕೆಲಸವೇ ನಿಂತು, ಪರದೆ ಕೆಂಪಾಗಿ, ಹೀಗೆ ಹೇಳುವಂತೆ ಬರೆದಳು: ‘ಇದ್ದರು. ಓದಿ ಮುಗಿದಿದೆ. ಮೊದಲಿಂದ ಕೇಳಿ.’

ಅಷ್ಟರಲ್ಲಿ ಕಚೇರಿಯ ಫೋನುಗಳು ಒಂದರ ಹಿಂದೊಂದು ಹೊಡೆದುಕೊಳ್ಳತೊಡಗಿದವು. ಸಂದೇಶ ತಲುಪುವ ಮುಂಚೆಯೇ ಯಾರು ಹಾಕಿಕೊಂಡುಬಿಟ್ಟಿದ್ದಾರೋ! ಅವಳು ಹತ್ತಿರದ ಫೋನೆತ್ತಿ ಕೇಳಿದಳು: “ಹನಿ ಹಾಕ್ಕೊಂಡ್ರಾ?”