ಒಂಬತ್ತನೇ ಪುಟ

ಮರಾಠಿ ಸೀಮೆಯ ಕಾತ್ರಜದಲ್ಲಿ, ಸಾತಾರಾ ರಸ್ತೆಯ ಪಕ್ಕ ಲಾರಿಗಳು ಸಾಲಾಗಿ ನಿಲ್ಲುವ ಜಾಗದ ಹಿಂದೆ ಗೌರಾಬಾಯಿಯ ಖಾನಾವಳಿ ಇತ್ತು. ವಿಜಾಪುರ ಕಡೆಯ ಡ್ರೈವರುಗಳೆಲ್ಲ ಅಲ್ಲೇ ಉಣ್ಣುತ್ತಿದ್ದರು, ಹೊರಡುವಾಗ ದಾರಿಗೆ ಬುತ್ತಿಯನ್ನೂ ಕಟ್ಟಿಸಿಕೊಳ್ಳುತ್ತಿದ್ದರು. ನಾಲ್ಕು ಖಡಕ್ ರೊಟ್ಟಿ, ಒಂದು ಉಳ್ಳಾಗಡ್ಡಿ, ಒಂದು ಪೊಟ್ಟಣ ಶೇಂಗಾ ಚಟ್ನಿ. ಎಲ್ಲರ ಬಾಯಲ್ಲೂ ಆಕೆ ಮಾವಶಿ, ಅಂದರೆ ಚಿಕ್ಕಮ್ಮ.

೧೯೯೯ರ ಬೇಸಿಗೆಯಲ್ಲಿ ಶೈಲಾ ಎಂಬ ಹುಡುಗಿ ಸ್ಕೂಟರಿನ ಮೇಲೆ ಎರಡು ಕಟ್ಟು ಪುಸ್ತಕ ಹೇರಿಕೊಂಡು ಬಂದಳು. ಏಡ್ಸ್ ಬಗ್ಗೆ ಜನರಿಗೆ ತಿಳಿಹೇಳುವ ಸಂಸ್ಥೆಯೊಂದರವಳು. ಪುಸ್ತಕವೆಂದರೆ ಕನ್ನಡದಲ್ಲೇ ಅಚ್ಚಾದ ಕಾಮಿಕ್ಸ್, ಹದಿನಾರೇ ಪುಟ. ಮಲ್ಲು ಎಂಬ ಲಾರಿ ಡ್ರೈವರನ ಕಥೆ.

“ಮಾವಶಿ, ಇಲ್ಲೇ ಕೈ ತೊಳಿಯೋ ಕಡೆ ಇಡ್ತೀನ್ರಿ. ಬಂದವರು ತಾವೇ ತಗೋತಾರ.”

ಎಲ್ಲಿ ತಗೊಂಡಾರು! ಒಬ್ಬ ಕೈ ಚಾಚಿದರೆ ಸಾಕು, ಪಕ್ಕದವನು ಶುರು ಮಾಡುತ್ತಿದ್ದ: “ಯಾಕಲೇ, ನಿನಗ ಯಾಕ ಬೇಕಾತದು? ಊರಾಗ ಹೇಳ್ಲೇನು?” ಚಾಚಿದ ಕೈ ಸೀದಾ ನೀರಿನ ಮಗ್ಗಿನ ಕಡೆ ತಿರುಗುತ್ತಿತ್ತು. ಹದಿನೈದು ದಿನವಾದರೂ ಒಂದು ಪುಸ್ತಕ ಕದಲಲಿಲ್ಲ.

ಗೌರಾಬಾಯಿಗೆ ಅಕ್ಷರ ಬಾರದು. ಆದರೆ ಕಾಗದದ ಗುಣ ಗೊತ್ತು. ರದ್ದಿ ಪೇಪರಿನ ಮಸಿ ಚಟ್ನಿಗೆ ಹತ್ತುತ್ತದೆ. ಈ ಪುಸ್ತಕದ್ದು ನುಣ್ಣಗೆ, ದಪ್ಪಗೆ, ಎಣ್ಣೆ ಸಹ ಹೀರದು. ಹೇಗೂ ಧೂಳು ತಿನ್ನುತ್ತಿವೆಯಲ್ಲ ಎಂದು ಒಂದು ಹಾಳೆ ಹರಿದು ಪೊಟ್ಟಣ ಕಟ್ಟಿದಳು. ಆಮೇಲೆ ಅದೇ ರೂಢಿಯಾಯಿತು.

ಲಾರಿಯ ಕ್ಯಾಬಿನ್ನಿನಲ್ಲಿ ಕೆಣಕುವವರು ಯಾರು? ಪೊಟ್ಟಣ ಬಿಚ್ಚಿದವರು ಚಟ್ನಿ ನೆಕ್ಕುತ್ತ ಮಲ್ಲುವಿನ ಕಥೆಯನ್ನೂ ಓದಿದರು. ಎಲ್ಲರೂ ಚಟ್ನಿ ಕೇಳುವವರೇ ಆದಾಗ ಗೌರಾಬಾಯಿ, “ಈ ಸಲದ ಶೇಂಗಾ ಭಾಳ ಚಲೋ ಬಂದಾವ” ಎಂದು ಬೀಗಿದಳು. ಕೊನೆಗೊಬ್ಬ ದನಿ ತಗ್ಗಿಸಿ ಹೇಳಿದ, “ಮಾವಶಿ, ಮಲ್ಲು ಢಾಬಾದ ಹಿಂದ ಹೋದ ನೋಡ್ರಿ, ಅದರ ಮುಂದಿನ ಹಾಳ್ಯಾಗ ಕಟ್ರಿ.”

“ಯಾವ ಮಲ್ಲು? ಕೊಟ್ಟದ್ದು ತಗೊಂಡು ನಡಿ” ಎಂದಳು ಆಕೆ.

ಹೀಗೆ ಎರಡೂ ಕಟ್ಟು ಕರಗಿದವು. ಆಗಲೇ ಕಾಡಪ್ಪನ ಸಂಗತಿ ನಡೆದದ್ದು.

ಕಾಡಪ್ಪ ಇಂಡಿ ತಾಲ್ಲೂಕಿನವನು, ಇಪ್ಪತ್ತಾರರ ಹುಡುಗ, ಇನ್ನು ಮೂರು ವಾರಕ್ಕೆ ಲಗ್ನ ಗೊತ್ತಾಗಿತ್ತು. ಒಂದು ಮಧ್ಯಾಹ್ನ ಬಂದವನು ಒಳಗೆ ಬಾರದೆ ಹೊರಗಿನ ಮೆಟ್ಟಿಲ ಮೇಲೆ ಕೂತ. ಗಲ್ಲಗಳು ಒಳಗೆ ಹೋಗಿದ್ದವು.

“ಮಾವಶಿ, ನನಗ ಕಾಗದದ ಮ್ಯಾಲೆ ಹಾಕ್ರಿ. ತಾಟು ಬ್ಯಾಡ.”

“ಯಾಕೋ? ನನ್ನ ತಾಟಿಗೆ ಏನಾಗ್ಯಾದ?”

“ತಾಟಿಗಲ್ರಿ, ನನಗ ಆಗ್ಯಾದ.” ಕಿಸೆಯಿಂದ ಎಣ್ಣೆಗಲೆಯ ಹಾಳೆಯೊಂದನ್ನು ತೆಗೆದ. “ಎಲ್ಲಾ ಇದರಾಗ ಬರದಂಗ ಅದ. ತಿಂಗಳಿಂದ ಜ್ವರ ಬಂದು ಬಂದು ಹೋಗ್ತಾವ. ಪ್ಯಾಂಟು ನಿಲ್ಲವಲ್ಲದು. ಹೋದ ವರ್ಷ ಒಂದು ಸಲ... ನಾನೂ ಢಾಬಾದ ಹಿಂದ ಹೋಗಿದ್ದೆ. ಉಂಡ ಮ್ಯಾಲೆ ಇಂಡಿಗೆ ಫೋನ್ ಹಚ್ಚಿ ಲಗ್ನ ಬ್ಯಾಡ ಅಂತೀನಿ. ಆ ಹುಡುಗಿ ಬಾಳು ಯಾಕ ಹಾಳ ಮಾಡ್ಲಿ?”

ಗೌರಾಬಾಯಿ ಹಾಳೆ ಕಸಿದುಕೊಂಡು ಒಳಗೆ ಉಣ್ಣುತ್ತಿದ್ದ ನಿಜಲಿಂಗಪ್ಪನ ಮುಂದೆ ಹಿಡಿದಳು. ಮೂವತ್ತು ವರ್ಷ ಸ್ಟೇರಿಂಗ್ ಹಿಡಿದ ಹಿರಿಯ ಅವನು, ಮಾತು ಕಡಿಮೆ. ಅಕ್ಷರ ಕೂಡಿಸಿ ಓದಿದ. ಏಳು ಮತ್ತು ಎಂಟನೇ ಪುಟ. ಮಲ್ಲುವಿಗೆ ಜ್ವರ, ಮಲ್ಲು ಸೊರಗಿದ, ಗೆಳೆಯರು ದೂರ ಸರಿದರು. ಕಡೆಯ ಚಿತ್ರದಲ್ಲಿ ಹಾಸಿಗೆ ಹಿಡಿದು ಅನ್ನುತ್ತಾನೆ: “ನನ್ನ ಕಥಿ ಮುಗೀತು.”

“ಮುಗೀತಾ? ಪುಸ್ತಕ ಇನ್ನೂ ದಪ್ಪ ಇತ್ತಲ್ಲ!” ಗೌರಾಬಾಯಿ ಹಾಳೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು. ಹಾಳೆ ಹರಿದು ತಾನೇ ಕೈಯಾರೆ ಈ ಹುಡುಗನಿಗೆ ಅರ್ಧ ಕಥೆ ಉಣಿಸಿದ್ದಳು. “ಮುಂದಿಂದು ಯಾರ ಹತ್ರ ಅದ?”

ಉಣ್ಣುತ್ತಿದ್ದ ಹತ್ತು ಮಂದಿಯೂ ತಾಟು ನೋಡತೊಡಗಿದರು.

“ಹೇಳ್ರೋ! ಇಲ್ಲಾಂದ್ರ ನಾಳಿಂದ ಒಲಿ ಹಚ್ಚಂಗಿಲ್ಲ, ಉಪಾಸ ಬೀಳ್ರಿ.”

ಒಬ್ಬ ಎದ್ದ. ಅವನ ಹಿಂದೆ ಇನ್ನೊಬ್ಬ. ಲಾರಿಗಳ ಬಾಗಿಲು ಟಪಟಪನೆ ತೆರೆದವು. ಒಬ್ಬ ಸೀಟಿನಡಿಯಿಂದ ತಂದ, ಒಬ್ಬ ಲೈಸೆನ್ಸಿನ ಚೀಲದಿಂದ. ಮೂರನೇ ಪುಟವನ್ನು ನಾಲ್ವರು ಇಟ್ಟುಕೊಂಡಿದ್ದರು. ಕೈ ತೊಳೆಯುವ ಕಡೆ ಮುಟ್ಟಲು ನಾಚಿದವರೆಲ್ಲ ಒಂದೊಂದು ಹಾಳೆಯನ್ನು ಜೋಪಾನ ಮಾಡಿದ್ದರು. ಬೇಕಾದ ಒಂಬತ್ತನೇ ಪುಟ ಮಾತ್ರ ಇಲ್ಲ.

ಎಲ್ಲರ ಹಿಂದೆ ನಿಜಲಿಂಗಪ್ಪ ಬಂದ. ಗಾಡಿಯಲ್ಲಿದ್ದ ಬಸವಣ್ಣನ ಫೋಟೋದ ಹಿಂದಿನಿಂದ ತೆಗೆದ ಹಾಳೆ, ನಾಲ್ಕು ಮಡಿಕೆ. ಮೆಟ್ಟಿಲ ಮೇಲೆ ಕಾಡಪ್ಪನ ಪಕ್ಕ ಕೂತು ತಾನೇ ಓದಿದ:

“‘ಜ್ವರ ಬಂದವರಿಗೆಲ್ಲ, ಸಣ್ಣಗಾದವರಿಗೆಲ್ಲ ಏಡ್ಸ್ ಅಂತ ತಿಳಿಯಬೇಡಿ. ರಕ್ತ ಪರೀಕ್ಷೆಯಿಂದ ಮಾತ್ರ ಗೊತ್ತಾಗುತ್ತದೆ.’ ಡಾಕ್ಟರ್ ಹೇಳ್ಯಾನ, ನೋಡು. ಹಿಂದ ಹತ್ತನೇ ಪುಟ: ಒಂದೇ ತಾಟಿನಾಗ ಉಂಡ್ರ ಬರಂಗಿಲ್ಲ. ಮುಟ್ಟಿದ್ರ ಬರಂಗಿಲ್ಲ.”

“ಕಾಕಾ, ನೀವ್ಯಾಕ ಇದನ್ನ ಇಟ್ಕೊಂಡಿದ್ರಿ?”

ನಿಜಲಿಂಗಪ್ಪ ಹಾಳೆಯನ್ನು ಮತ್ತೆ ಮಡಿಸಿದ. “ಹೋದ ತಿಂಗಳ ನಾನೂ ಹೋಗಿ ತಪಾಸ ಮಾಡಿಸಿಕೊಂಡು ಬಂದೀನಿ. ಸರ್ಕಾರಿ ದವಾಖಾನಿ. ಬೈಯಂಗಿಲ್ಲ, ಯಾರಿಗೂ ಹೇಳಂಗಿಲ್ಲ. ನಾಳೆ ನಿನ್ನ ಕರಕೊಂಡು ಹೋಗ್ತೀನಿ.”

ಅಷ್ಟು ಜನರಲ್ಲಿ ಒಬ್ಬನೂ ಕೆಣಕಲಿಲ್ಲ. ಗೌರಾಬಾಯಿ ಕಾಡಪ್ಪನ ರಟ್ಟೆ ಹಿಡಿದು ಒಳಗೆಳೆದಳು, ತಾಟಿಗೆ ರೊಟ್ಟಿ ಹಾಕಿದಳು, ಅದೇ ರೊಟ್ಟಿಯಿಂದ ಒಂದು ಚೂರು ಮುರಿದು ಬಾಯಿಗಿಟ್ಟುಕೊಂಡಳು.

“ಮಾವಶಿ!”

“ಸುಮ್ನಿರು. ಹತ್ತನೇ ಪುಟ ಕೇಳಲಿಲ್ಲೇನು?”

ಕಾಡಪ್ಪ ಅಂದು ಫೋನ್ ಹಚ್ಚಲಿಲ್ಲ. ಮರುದಿನ ರಕ್ತ ಕೊಟ್ಟು ಬಂದ. ಗುರುವಾರ ಬರಲು ಹೇಳಿದ್ದರು. ಆ ನಾಲ್ಕು ದಿನ ಗೌರಾಬಾಯಿ ಅವನ ತಾಟಿನ ಮುಂದೆ ಕಾವಲು ಕೂತಳು.

ಗುರುವಾರ ಹನ್ನೊಂದಕ್ಕೆ ಹೋದವರು ಮೂರಾದರೂ ಇಲ್ಲ. ಆಕೆ ಹಿಟ್ಟು ನಾದಿದಳು, ಬಿಟ್ಟಳು, ಮತ್ತೆ ನಾದಿದಳು. ಕಡೆಗೆ ರಿಕ್ಷಾ ಬಂತು. ಮೊದಲು ಇಳಿದ ನಿಜಲಿಂಗಪ್ಪ ನಗುತ್ತಿದ್ದ. ಆ ಮನುಷ್ಯನ ಹಲ್ಲನ್ನು ಖಾನಾವಳಿ ಅವತ್ತೇ ಮೊದಲು ಕಂಡದ್ದು.

“ಆ ರೋಗ ಇಲ್ಲ, ಗೌರವ್ವ. ಮಲೇರಿಯಾ ಅಂತ. ಗುಳಿಗಿ ಕೊಟ್ಟಾರ.”

ಗೌರಾಬಾಯಿ ಹಿಟ್ಟಿನ ಕೈಯಲ್ಲೇ ಎಣ್ಣೆ ಡಬ್ಬಿಯ ಮೇಲೆ ಕೂತು ಅತ್ತಳು, ಅಳುತ್ತಲೇ ಬೈದಳು. “ಭಾಡ್ಯಾ, ಒಂದು ಸೊಳ್ಳಿ ಕಡದದ್ದಕ್ಕ ಲಗ್ನ ಮುರೀತಿದ್ದೆಲ್ಲೋ!”

ಕಾಡಪ್ಪ ಏಳು ರೊಟ್ಟಿ ಉಂಡ. ಕೈ ಒರೆಸಿಕೊಂಡು ಎಸ್‌ಟಿಡಿ ಬೂತಿಗೆ ಹೋದ. ಅತ್ತಲಿಂದ ಮಾವನಾಗುವವರು ಗಾಬರಿಯಾಗಿ ಕೇಳಿದರು, “ಏನ್ರಿ, ಹೊತ್ತಲ್ಲದ ಹೊತ್ತಿನಾಗ ಫೋನ್? ಎಲ್ಲಾ ಆರಾಮ ಹೌದಿಲ್ಲೋ?”

ಕಾಡಪ್ಪ ಹೊರಗೆ ನೋಡಿದ. ಗಾಜಿನಾಚೆ ಹತ್ತು ಮಂದಿ ಡ್ರೈವರುಗಳು ಮೂಗು ಒತ್ತಿ ನಿಂತಿದ್ದರು.

“ಆರಾಮ ಅದೀನ್ರಿ ಮಾವಾರ” ಎಂದ ಕಾಡಪ್ಪ. “ಭಾಳ ಆರಾಮ ಅದೀನಿ. ಅಷ್ಟ ಹೇಳೂದಿತ್ರಿ.”