ಎಡ ನಿನ್ನದು, ಬಲ ನನ್ನದು

ಚಿಕ್ಕಪ್ಪನ ಹಾಡಿನಂಗಡಿಯ ನೆಲಮಾಳಿಗೆಯಲ್ಲಿ ಆ ಎರಡು ಪೆಟ್ಟಿಗೆಗಳು ಕಣ್ಣಿಗೆ ಬಿದ್ದಾಗ ಅತ್ತಿಗೆ, ನಾದಿನಿ ಇಬ್ಬರ ಬಾಯಿಂದಲೂ ಒಂದೇ ಮಾತು ಒಟ್ಟಿಗೆ ಹೊರಬಿತ್ತು: “ಇವು ನಮಗೆ!”

ಸೊಂಟದೆತ್ತರದ ಮರದ ಪೆಟ್ಟಿಗೆಗಳು. ಒಂದೊಂದನ್ನು ಎತ್ತಲೂ ಇಬ್ಬರು ಬೇಕು. ಮುಂಭಾಗದ ಬಟ್ಟೆಯ ಒಂದು ಮೂಲೆಯನ್ನು ಇಲಿ ತಿಂದಿತ್ತು. ಮೂವತ್ತು ವರ್ಷ ಅಂಗಡಿಯ ಎಡಬಲಗಳಲ್ಲಿ ನಿಂತು ಬೀದಿಗೆಲ್ಲ ಹಾಡು ಕೇಳಿಸಿದ ಸ್ಪೀಕರುಗಳು ಅವು. ಅಂಗಡಿ ಮುಚ್ಚಿ ಹನ್ನೆರಡು ವರ್ಷವಾಗಿತ್ತು. ಈಗ ನೆಲಮಾಳಿಗೆಯನ್ನೂ ಬಿಟ್ಟುಕೊಡುವ ಕಾಲ ಬಂದು, ಆ ಮಂಗಳವಾರ ಮನೆಮಂದಿಯೆಲ್ಲ ಸಾಮಾನು ಸಾಗಿಸಲು ಬಂದಿದ್ದರು.

“ಇವು ಸತ್ತು ಯಾವ ಕಾಲವಾಯ್ತು,” ಎಂದ ಚಿಕ್ಕಪ್ಪ. ಬಟ್ಟೆಯ ಚೌಕಟ್ಟು ಕಿತ್ತು ಒಳಗಿನ ದೊಡ್ಡ ಕಾಗದದ ಕೋನಿನ ಅಂಚನ್ನು ಬೆರಳಿನಿಂದ ಮುಟ್ಟಿದ. ಕೋನನ್ನು ಸುತ್ತ ಹಿಡಿದುಕೊಂಡಿದ್ದ ಫೋಮಿನ ಬಳೆ ಒಣಗಿದ ಎಲೆಯ ಹಾಗೆ ಪುಡಿಪುಡಿಯಾಗಿ ಉದುರಿತು. “ನೋಡಿದ್ರಾ? ತಿಪ್ಪೆಗೆ ಹಾಕೋದೇ.”

“ಚಿಕ್ಕಪ್ಪಾ, ಇದೊಂದು ರೋಗವೇ? ಬಳೆ ಬದಲಾಯಿಸಿದ್ರೆ ಎದ್ದು ಕೂರ್ತವೆ,” ಎಂದಳು ನಾದಿನಿ. ಅವಳು ಬಸ್ ಡಿಪೋದಲ್ಲಿ ಎಲೆಕ್ಟ್ರಿಷಿಯನ್. ಆಳೆತ್ತರದ ಗಟ್ಟಿ ಹೆಂಗಸು. ಆದರೆ ಹುಟ್ಟಿದಾಗ ಅಂಗೈಯಷ್ಟಿದ್ದಳಂತೆ, ಅದಕ್ಕೇ ನಲವತ್ತು ದಾಟಿದರೂ ಎಲ್ಲರಿಗೂ ಗುಬ್ಬಿಯೇ.

ಚಿಕ್ಕಪ್ಪ ಇಬ್ಬರ ಮುಖವನ್ನೂ ಒಮ್ಮೆ ನೋಡಿದ. ಆಮೇಲೆ ಗೋಡೆಗೆ ಒರಗಿಸಿಟ್ಟಿದ್ದ ರೆಕಾರ್ಡುಗಳ ಸಾಲನ್ನು ನೋಡಿದ. ಮುನ್ನೂರಕ್ಕೂ ಮಿಕ್ಕಿದ್ದವು. ಅವನ್ನು ಕೊಳ್ಳಲು ಸೋಮವಾರ ಒಬ್ಬ ವ್ಯಾಪಾರಿ ಬರುವವನಿದ್ದ.

“ಹಾಗಿದ್ರೆ ಕೇಳಿ. ಭಾನುವಾರ ಮಧ್ಯಾಹ್ನ ನಾಲ್ಕು ಗಂಟೆಗೆ ನಿಮ್ಮನೆಗೆ ಬರ್ತೀನಿ. ಇವೆರಡೂ ಮೊದಲಿನ ಹಾಗೆ ಹಾಡಿದ್ರೆ ಈ ರೆಕಾರ್ಡೆಲ್ಲ ನಿಮ್ಮದೇ. ಇಲ್ದಿದ್ರೆ ವ್ಯಾಪಾರಿಗೆ.”

ಅತ್ತಿಗೆ ಆಗಲೇ ರೆಕಾರ್ಡುಗಳ ಸಾಲಿನ ಮೇಲೆ ಬೆರಳಾಡಿಸತೊಡಗಿದ್ದಳು. ನಾದಿನಿಯ ಬಾಯಲ್ಲಿ ಅತ್ತಿಗೆಯಾದವಳು ಕ್ರಮೇಣ ಬೀದಿಗೆಲ್ಲ ಅತ್ತಿಗೆಯಾಗಿಬಿಟ್ಟಿದ್ದಳು. ಕಸುಬು ಹಲ್ಲಿನ ಸೆಟ್ಟು ಮಾಡುವುದು. ಮನೆಯ ಮುಂದಿನ ಕೋಣೆಯಲ್ಲಿ ಕೂತು, ದಂತವೈದ್ಯರು ಕಳಿಸುವ ಅಚ್ಚುಗಳಿಗೆ ಕೂದಲೆಳೆಯಷ್ಟೂ ಹೆಚ್ಚುಕಡಿಮೆಯಾಗದಂತೆ ಹಲ್ಲು ಕೂರಿಸುವವಳು. ಮುನ್ನೂರು ರೆಕಾರ್ಡು! ಮದುವೆಯಾದ ಹೊಸತರಲ್ಲಿ ಆ ಅಂಗಡಿಯ ಬಾಗಿಲಲ್ಲಿ ನಿಂತು ಕೇಳಿದ್ದೇ ಕೇಳಿದ್ದು. ಒಂದನ್ನೂ ಮನೆಗೆ ತಂದವಳಲ್ಲ.

ಪೆಟ್ಟಿಗೆಗಳು ಮನೆ ಸೇರಿದ ಅರ್ಧ ಗಂಟೆಯಲ್ಲೇ ಜಗಳ ಶುರುವಾಯಿತು. ಗುಬ್ಬಿಗೆ ಎಲ್ಲವೂ ಬೇಗ ಆಗಬೇಕು. ಹೊಸ ಬಳೆ ಅಂಟಿಸುವುದು, ಒಂದು ಗುಂಯ್‌ಗುಡುವ ಸದ್ದು ಹಾಕಿ ಕಿವಿಗೊಟ್ಟು ಕೇಳುತ್ತ ಕೋನನ್ನು ನಡುವಿಗೆ ಸರಿಸುವುದು, ಅಷ್ಟೇ. ಅತ್ತಿಗೆ ಒಪ್ಪಲಿಲ್ಲ. ಕೋನಿನ ಹಿಂದೆ ತಂತಿ ಸುತ್ತಿದ ಕಾಯಿಲ್ ಇರುತ್ತದೆ. ಅದು ಅಯಸ್ಕಾಂತದ ಕಿರಿದಾದ ಸಂದಿನಲ್ಲಿ ಎಲ್ಲೂ ತಾಗದೆ ಆಡಬೇಕು. ಮೊದಲು ಸುತ್ತಲೂ ಆ ಸಂದಿಗೆ ತೆಳು ಪಟ್ಟಿ ತೂರಿಸಿ ಕಾಯಿಲನ್ನು ನಟ್ಟನಡುವೆ ನಿಲ್ಲಿಸಿ, ಆಮೇಲೆ ಅಂಟಿಸಬೇಕು ಎಂಬುದು ಅವಳ ವಾದ.

“ಅದಕ್ಕೆ ಕೋನಿನ ನಡುವೆ ಕಾಯಿಲ್ ಮುಚ್ಚಿರೋ ಟೊಪ್ಪಿ ಕೊಯ್ದು ತೆಗೀಬೇಕಲ್ಲ ಅತ್ತಿಗೆ! ಚೆನ್ನಾಗಿರೋ ಮೂಗನ್ನ ಯಾರಾದ್ರೂ ಕೊಯ್ತಾರಾ?”

“ಕೊಯ್ದ ಮೂಗನ್ನ ಕೂರಿಸೋಕೂ ನನಗೆ ಬರುತ್ತೆ. ನಿನ್ನ ಕಿವಿ ನಂಬಿ ಕೂತ್ರೆ ಕೆಟ್ಟೆವು. ದಿನಾ ಬಸ್ಸಿನ ಹಾರ್ನ್ ಕೇಳೋ ಕಿವಿ ಅದು.”

ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುವ ಸ್ಥಿತಿ. ಅತ್ತಿಗೆಯ ಗಂಡ ಪೋಸ್ಟ್‌ಮ್ಯಾನ್. ಹೆಂಡತಿ ತಂಗಿಯರ ನಡುವೆ ಹದಿನೆಂಟು ವರ್ಷ ಬಾಳಿ, ಹಾವೂ ಸಾಯದೆ ಕೋಲೂ ಮುರಿಯದೆ ಮಾತಾಡುವುದನ್ನು ಕಲಿತವನು. ಬೂಟು ಕಳಚುತ್ತ ಅವನೆಂದ: “ಇರೋದು ಎರಡು. ಇಬ್ಬರೂ ಒಂದೊಂದು ತಗೊಳ್ಳಿ. ಯಾರದ್ದು ಚೆನ್ನಾಗಿದೆ ಅಂತ ಚಿಕ್ಕಪ್ಪ ಹೇಳ್ತಾನೆ. ಸೋತವರು ಎರಡು ಪೆಟ್ಟಿಗೆಗೂ ಪಾಲಿಶ್ ಹೊಡೀಲಿ.”

“ಎಡಗಡೇದು ನಿನ್ನದು, ಬಲಗಡೇದು ನನ್ನದು,” ಎಂದಳು ಅತ್ತಿಗೆ, ಗುಬ್ಬಿ ಬಾಯಿ ತೆರೆಯುವ ಮೊದಲೇ.

ಹೊಸ ಬಳೆಗಳು ಗುರುವಾರ ಬಂದವು. ಕಾಯಿಸಿದ ಹಾಲಿನ ಮೇಲೆ ಬೆಕ್ಕು ಕಣ್ಣಿಟ್ಟಂತೆ ಕಾದಿದ್ದ ಇಬ್ಬರೂ ಪೊಟ್ಟಣವನ್ನು ಬಾಗಿಲಲ್ಲೇ ಹರಿದರು. ಅಂದಿನಿಂದ ಮನೆ ಎರಡು ದೇಶವಾಯಿತು. ಊಟದ ಮೇಜು ಗುಬ್ಬಿಯದು, ಮುಂದಿನ ಕೋಣೆ ಅತ್ತಿಗೆಯದು. ಗಂಡ ತಟ್ಟೆ ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತೇ ಉಂಡ.

ಹಲ್ಲಿನ ಅಚ್ಚುಗಳನ್ನೆಲ್ಲ ಕಪಾಟಿಗೆ ಸೇರಿಸಿ, ದೀಪವನ್ನು ಕೆಳಗೆ ಬಗ್ಗಿಸಿಕೊಂಡು ಅತ್ತಿಗೆ ಕೂತಳು. ಕೋನಿನ ಅಂಚಿಗೆ ಹತ್ತಿದ್ದ ಹಳೆಯ ಅಂಟನ್ನು ಸ್ಪಿರಿಟ್ಟಿನಲ್ಲಿ ನೆನೆಸಿ, ಮೇಣ ಕೆರೆಯುವ ಅಲಗಿನಿಂದ ಎಳೆಎಳೆಯಾಗಿ ಬಿಡಿಸಿದಳು. ಕಾಗದ ಹರಿಯಿತೋ ಕತೆ ಮುಗಿಯಿತು. ನಡುವಿನ ಟೊಪ್ಪಿಯನ್ನು ಉಸಿರು ಬಿಗಿಹಿಡಿದು ಕೊಯ್ದಳು. ದಂತವೈದ್ಯರಲ್ಲಿ ಬೇಡಿ ತಂದಿದ್ದ ಹಳೆಯ ಎಕ್ಸ್‌ರೇ ಹಾಳೆಯನ್ನು ಬೆರಳಗಲದ ಪಟ್ಟಿಗಳಾಗಿ ಕತ್ತರಿಸಿ ಕಾಯಿಲಿನ ಸುತ್ತ ತೂರಿಸಿದಾಗ, ಕೋನು ಅಲುಗಾಡದೆ ನಡುವೆ ನಿಂತಿತು. ಹಳೆಯ ಅಚ್ಚಿಗೆ ಹೊಸ ಸೆಟ್ಟು ಟಕ್ಕೆಂದು ಕೂತಾಗ ಆಗುವ ಸುಖವೇ ಇಲ್ಲೂ ಆಯಿತು. ಅವಳಿಗೆ ಗೊತ್ತಿಲ್ಲದೆಯೇ ಬಾಯಿಂದ ಒಂದು ಹಾಡು ಹೊರಟಿತ್ತು.

“ಅತ್ತಿಗೇ, ಸ್ವಲ್ಪ ಸುಮ್ನಿರಿ! ನನ್ನದು ಯಾವುದು ನಿಮ್ಮದು ಯಾವುದು ಗೊತ್ತಾಗ್ತಿಲ್ಲ!” ಎಂದು ಕೂಗಿದಳು ಗುಬ್ಬಿ. ಅವಳ ಮೇಜಿನಿಂದ ಗುಂಯ್ ಎಂಬ ಸದ್ದಿನ ಜೊತೆಗೆ ಖರ್ ಖರ್ ಎಂದು ಉಜ್ಜುವ ಸದ್ದೂ ಬರುತ್ತಿತ್ತು. ಶುಕ್ರವಾರ ಅವಳು ಬಳೆಯನ್ನು ಕಿತ್ತು ಎರಡನೇ ಸಲ ಅಂಟಿಸಿದಳು. ಅತ್ತಿಗೆ ಒಳಗೊಳಗೇ ಹಿಗ್ಗಿದಳು. ಆದರೆ ಶನಿವಾರ ಬೆಳಗ್ಗೆ ಗುಬ್ಬಿಯ ಮೇಜಿನಿಂದ ಗುಂಯ್ ಮಾತ್ರ ಕೇಳಿತು, ಬೆಣ್ಣೆಯಂತೆ ನುಣ್ಣಗೆ. ಅತ್ತಿಗೆಯ ಹಿಗ್ಗು ಅಷ್ಟಕ್ಕೇ ನಿಂತಿತು.

ಉಳಿದದ್ದು ಕೆಪಾಸಿಟರುಗಳು. ವಯಸ್ಸಾಗಿ ಉಬ್ಬಿದ್ದವನ್ನು ತೆಗೆದು ಹೊಸದನ್ನು ಹಾಕಬೇಕಿತ್ತು. ಗುಬ್ಬಿ ಎರಡಕ್ಕೂ ಆಗುವಷ್ಟು ತಂದು, ಅತ್ತಿಗೆಯ ಪಾಲನ್ನು ಮೇಜಿನ ಮೇಲಿಟ್ಟಳು. ಪಂದ್ಯ ಪಂದ್ಯವೇ, ಹಾಗಂತ ಮೋಸ ಅವಳ ಜಾಯಮಾನವಲ್ಲ. ಹೋಗುವಾಗ ಅತ್ತಿಗೆ ಬಿಚ್ಚಿಟ್ಟಿದ್ದ ದೊಡ್ಡ ಕೋನಿನ ಎರಡು ತಂತಿಗಳನ್ನು ನೋಡಿ ನಿಂತಳು. ಎರಡರ ಬಣ್ಣವೂ ಮಾಸಿ ಒಂದೇ ಮಣ್ಣುಬಣ್ಣವಾಗಿತ್ತು.

“ಯಾವುದು ಎಲ್ಲಿಗೆ ಅಂತ ಗುರುತು ಹಾಕಿದ್ದೀರಾ?”

“ಮೇಲಿನ ದವಡೆ ಯಾವುದು, ಕೆಳಗಿನದು ಯಾವುದು ಅಂತ ಇಪ್ಪತ್ತು ವರ್ಷದಲ್ಲಿ ಒಂದು ಸಲಾನೂ ತಪ್ಪದವಳು ನಾನು. ಎರಡು ತಂತಿ ನೆನಪಿರಲ್ವಾ? ಹೋಗು ನಿನ್ನ ಕೆಲಸ ನೋಡು.”

ಭಾನುವಾರ ಮೂರು ಗಂಟೆಗೆ ಎರಡೂ ಪೆಟ್ಟಿಗೆಗಳು ಹಜಾರದ ಗೋಡೆಗೆ ಬಂದು ನಿಂತವು. ನಡುವೆ ಚಿಕ್ಕಪ್ಪನ ಹಳೆಯ ಪ್ಲೇಯರು, ಆಂಪ್ಲಿಫೈಯರು. ಗುಬ್ಬಿ ಮೊದಲು ತನ್ನದನ್ನು ಮಾತ್ರ ಹಾಡಿಸಿದಳು. ತಂಬೂರಿಯ ಶ್ರುತಿ ನೆಲದಿಂದ ಎದ್ದು ಬಂದಂತಿತ್ತು. ಗಂಡ “ಆಹಾ” ಎಂದ. ಆಮೇಲೆ ಅತ್ತಿಗೆಯದು. ಅದೂ ಅಷ್ಟೇ ತುಂಬು ದನಿ. ಗಂಡ ಅದಕ್ಕೂ ಅಷ್ಟೇ ಉದ್ದದ “ಆಹಾ” ಎಂದ. ಅಳತೆ ತಪ್ಪಿದರೆ ತನಗೇ ಕಷ್ಟ ಎಂದು ಅವನಿಗೆ ಗೊತ್ತಿತ್ತು.

“ಈಗ ಎರಡೂ!” ಎಂದಳು ಅತ್ತಿಗೆ.

ಎರಡೂ ಒಟ್ಟಿಗೆ ಹಾಡಿದವು. ಮೂವರೂ ಒಬ್ಬರ ಮುಖ ಒಬ್ಬರು ನೋಡಿದರು. ತಬಲದ ಗುಮ್ಮೆನ್ನುವ ದನಿ ಎಲ್ಲೋ ಮಾಯವಾಗಿತ್ತು. ಹಾಡುವವಳ ದನಿ ಎಡದಲ್ಲೂ ಇಲ್ಲ, ಬಲದಲ್ಲೂ ಇಲ್ಲ, ನಡುವೆಯೂ ಇಲ್ಲ; ಪಕ್ಕದ ಮನೆಯ ಬಚ್ಚಲಿನಿಂದ ಬಂದಂತೆ ತೇಲಾಡುತ್ತಿತ್ತು. ಒಂದೊಂದಾಗಿ ತುಂಬಿ ಹಾಡಿದವು ಜೊತೆಗೂಡಿದಾಗ ಸೊರಗಿದ್ದವು.

“ನಿನ್ನ ಕೋನೇ ಸರಿಯಾಗಿ ಕೂತಿಲ್ಲ,” ಎಂದಳು ಅತ್ತಿಗೆ.

“ಕುಣಿಯಲಾರದವಳು ನೆಲ ಡೊಂಕು ಅಂದಳಂತೆ! ನಿಮ್ಮ ಮೂಗಿಲ್ಲದ್ದು ಹೇಗಿದೆ ನೋಡ್ಕೊಳ್ಳಿ.”

“ಮೂಗು ಕೂರಿಸಿದ್ದೀನಿ!”

“ಮೂರೂವರೆ,” ಎಂದ ಗಂಡ, ಯಾರನ್ನೂ ನೋಡದೆ.

ಗುಬ್ಬಿ ಓಡಿಹೋಗಿ ಗೋಡೆ ಗಡಿಯಾರದ ಬ್ಯಾಟರಿ ಕಿತ್ತು ತಂದಳು. “ಇದು ಹೇಳುತ್ತೆ ಸತ್ಯ.” ಬಟ್ಟೆಯ ಚೌಕಟ್ಟುಗಳನ್ನು ತೆಗೆದು, ಎಡ ಪೆಟ್ಟಿಗೆಯ ಹಿಂದಿನ ಎರಡು ತಿರುಪುಗಳಿಗೆ ಬ್ಯಾಟರಿಯ ತಂತಿ ತಾಗಿಸಿದಳು. ಟಕ್! ಕೋನು ಮುಂದಕ್ಕೆ ಚಿಮ್ಮಿತು. ಬಲ ಪೆಟ್ಟಿಗೆಗೂ ಅದೇ ರೀತಿ ತಾಗಿಸಿದಳು. ಟಕ್! ಕೋನು ಹಿಂದಕ್ಕೆ ಸರಿಯಿತು.

ಒಂದು ಗಾಳಿಯನ್ನು ನೂಕುವಾಗ ಇನ್ನೊಂದು ಎಳೆಯುತ್ತಿತ್ತು. ಒಂದು ಕೊಟ್ಟದ್ದನ್ನು ಇನ್ನೊಂದು ನುಂಗುತ್ತಿತ್ತು. ಅತ್ತಿಗೆಗೆ ಮಣ್ಣುಬಣ್ಣದ ಆ ಎರಡು ತಂತಿಗಳು ಕಣ್ಣಮುಂದೆ ಬಂದು ಕಿವಿ ಬಿಸಿಯಾಯಿತು. ಇಪ್ಪತ್ತು ವರ್ಷದಲ್ಲಿ ಮೊದಲ ಸಲ ಅವಳು ಮೇಲಿನ ದವಡೆಯನ್ನು ಕೆಳಗೆ ಕೂರಿಸಿದ್ದಳು.

ಗುಬ್ಬಿ ಬ್ಯಾಟರಿ ಕೆಳಗಿಟ್ಟು ತಿರುಪುಳಿ ಎತ್ತಿಕೊಂಡಳು. ಬೈದಿದ್ದರೇ ಚೆನ್ನಾಗಿತ್ತು.

“ನಂದೇ ತಪ್ಪು,” ಎಂದಳು ಅತ್ತಿಗೆ. “ತಂತಿ ಅದಲುಬದಲು ಮಾಡಿದ್ದೀನಿ.”

“ಹಿಂದುಗಡೆ ತಿರುಪಿನಲ್ಲೇ ಬದಲಾಯಿಸಿಬಿಡ್ಲಾ? ಒಂದು ನಿಮಿಷದ ಕೆಲಸ.”

“ಬೇಡ. ಹಾಗೆ ಮಾಡಿದ್ರೆ ದೊಡ್ಡ ಕೋನು ಸರಿಹೋಗುತ್ತೆ, ಅದರ ಮೇಲಿರೋ ಚಿಕ್ಕ ಕೋನು ಉಲ್ಟಾ ಆಗುತ್ತೆ. ಒಳಗೇ ಸರಿಮಾಡಬೇಕು. ನೀನು ತಿರುಪು ಬಿಚ್ಚು, ನಾನು ಸೋಲ್ಡರ್ ಕಾಯಿಸ್ತೀನಿ.”

ಗುಬ್ಬಿ ಎಂಟು ತಿರುಪುಗಳನ್ನು ಬಿಚ್ಚಿದ ವೇಗ ನೋಡಿ ಅತ್ತಿಗೆಗೆ ಮೊದಲ ಸಲ ಬಸ್ ಡಿಪೋದ ಮೇಲೆ ಗೌರವ ಹುಟ್ಟಿತು. ಕೋನನ್ನು ಹೊರಗೆಳೆದು ಗುಬ್ಬಿ ಎದೆಗವುಚಿ ಹಿಡಿದಳು. ಅತ್ತಿಗೆ ಬೆಸುಗೆ ಬಿಡಿಸಿದಳು. ಆಗಲೇ ಕೆಳಗಿನಿಂದ ಕರೆಗಂಟೆ ಕೇಳಿಸಿತು.

“ರೀ! ಹೇಗಾದ್ರೂ ತಡೀರಿ!”

ಗಂಡ ಮೆಟ್ಟಿಲಿಳಿದ. ಅವನು ಬಾಯಿಬಿಟ್ಟರೆ ಒಂದು ಕಾಗದದ ವಿಳಾಸ ಹುಡುಕಿದ ಕತೆಯನ್ನೇ ಮುಕ್ಕಾಲು ಗಂಟೆ ಹೇಳಬಲ್ಲವನು. ಮನೆಯಲ್ಲಿ ಎಲ್ಲರೂ ಬೈಯುತ್ತಿದ್ದ ಆ ವಿದ್ಯೆ ಈ ಹೊತ್ತು ಕೈಹಿಡಿಯಿತು. “ಬಾ ಚಿಕ್ಕಪ್ಪಾ, ನಿಧಾನಕ್ಕೆ ಹತ್ತು. ಮೊನ್ನೆ ಏನಾಯ್ತು ಗೊತ್ತಾ, ಒಂದೇ ಹೆಸರಿನವರು ಮೂವರು, ಮೂರೂ ಮನೆಗೂ ನಾಯಿ...” ಮಾತು ಒಂದೊಂದು ಮೆಟ್ಟಿಲಿಗೂ ನಿಲ್ಲುತ್ತ ಮೇಲೆ ಬರುತ್ತಿತ್ತು. ಇತ್ತ ಅತ್ತಿಗೆ ತಂತಿಗಳನ್ನು ಅದಲುಬದಲಾಗಿ ಹಿಡಿದಳು. ಒಂದು ಬೆಸುಗೆ. ಊದಿದಳು. ಇನ್ನೊಂದು ಬೆಸುಗೆ. ಗುಬ್ಬಿ ಬ್ಯಾಟರಿ ತಾಗಿಸಿದಳು. ಟಕ್, ಮುಂದಕ್ಕೆ! ಇಬ್ಬರಿಗೂ ಕಿರುಚುವಷ್ಟು ಖುಷಿಯಾಯಿತು. ಬಾಯಿ ಮುಚ್ಚಿಕೊಂಡು ಕುಣಿದರು. ಎಂಟನೆಯ ತಿರುಪು ಬಿಗಿಯಾಗುವ ಹೊತ್ತಿಗೆ ಚಿಕ್ಕಪ್ಪ ಬಾಗಿಲಲ್ಲಿದ್ದ.

“ಸೋಲ್ಡರ್ ವಾಸನೆ ಬರ್ತಿದೆಯಲ್ಲ,” ಎಂದ.

ಅವನು ಎರಡು ಪೆಟ್ಟಿಗೆಗಳ ನಡುವೆ ಸರಿಯಾಗಿ ಅಳೆದು ಕುರ್ಚಿ ಎಳೆದುಕೊಂಡ. ಕಂಕುಳಲ್ಲಿದ್ದ ರೆಕಾರ್ಡನ್ನು ತಾನೇ ಹಾಕಿ, ಕಣ್ಣು ಮುಚ್ಚಿದ.

ಮೊದಲು ಸೂಜಿಯ ಚಿಟಿಪಿಟಿ. ಆಮೇಲೆ ಒಂದು ಸಾರಂಗಿ. ಅತ್ತಿಗೆಗೆ ಮೈ ಜುಮ್ಮೆಂದಿತು. ಪೆಟ್ಟಿಗೆಗಳು ಇದ್ದವೆಂಬುದೇ ಮರೆತುಹೋಯಿತು. ಸಾರಂಗಿ ನುಡಿಸುವವನು ಪ್ಲೇಯರಿನ ಹಿಂದೆ ಗೋಡೆಗೆ ಒರಗಿ ಕೂತಿದ್ದ. ತಬಲದವನು ಅವನಿಂದ ಮೊಳದಷ್ಟು ಬಲಕ್ಕೆ. ಹಾಡುವವಳು ಬಂದಳು, ನಟ್ಟನಡುವೆ ನಿಂತಳು. ಹಾಡಿನ ನಡುವೆ ಅವಳು ಉಸಿರೆಳೆದುಕೊಂಡದ್ದೂ ಕೇಳಿಸಿತು. ಕಿಟಕಿಯ ಗಾಜು ತಬಲದ ಜೊತೆ ಸಣ್ಣಗೆ ನಡುಗುತ್ತಿತ್ತು. ಗುಬ್ಬಿ ಅತ್ತಿಗೆಯ ಕೈ ಹಿಡಿದುಕೊಂಡಿದ್ದಳು, ಬಳೆ ಒಡೆಯುವಷ್ಟು ಬಿಗಿಯಾಗಿ.

ಹಾಡು ಮುಗಿಯಿತು. ಚಿಕ್ಕಪ್ಪ ಕಣ್ಣು ತೆರೆಯಲಿಲ್ಲ. “ಇನ್ನೊಂದು ಮಗ್ಗುಲು ಹಾಕಿ,” ಎಂದ.

ಅದೂ ಮುಗಿದ ಮೇಲೆ ಎದ್ದು, ಎರಡು ಪೆಟ್ಟಿಗೆಗಳ ನೆತ್ತಿಯನ್ನೂ ಸವರಿದ. “ಯಾವುದನ್ನ ಯಾರು ಮಾಡಿದ್ರಿ?”

ಹೇಳಿದರು. ಯಾವುದು ಮೇಲು ಎಂದು ಗಂಡ ಕೇಳಿದ. ಚಿಕ್ಕಪ್ಪ ತಲೆಯಾಡಿಸಿದ. “ಬೇರೆ ಬೇರೆ ಕೈ ಅಂತ ನೀವು ಹೇಳಿದ ಮೇಲೇ ಗೊತ್ತಾಗಿದ್ದು. ಇದರಲ್ಲಿ ಮೇಲು ಕೀಳು ಎಲ್ಲಿಂದ ತರ್ಲಿ?”

ಅತ್ತಿಗೆಗೆ ತಡೆಯಲಾಗಲಿಲ್ಲ. “ಮಾವ, ಅರ್ಧ ಗಂಟೆ ಮುಂಚೆ ಬಂದಿದ್ರೆ ಗೊತ್ತಾಗ್ತಿತ್ತು. ನಾನು ತಂತಿ ಉಲ್ಟಾ ಹಾಕಿದ್ದೆ. ಗುಬ್ಬಿ ಇಲ್ಲದಿದ್ರೆ ಮಾನ ಹೋಗಿರ್ತಿತ್ತು. ಪಾಲಿಶ್ ನನ್ನ ಪಾಲಿಗೆ.”

ಚಿಕ್ಕಪ್ಪ ಹೊಟ್ಟೆ ಕುಲುಕುವಂತೆ ನಕ್ಕ. “ಅಂಗಡಿ ತೆರೆದ ಮೊದಲ ಎರಡು ವರ್ಷ ನಾನೂ ಉಲ್ಟಾನೇ ಹಾಕಿದ್ದೆ ಕಣಮ್ಮ! ಏನೋ ಸರಿಯಿಲ್ಲ, ಗೋಡೆ ಸರಿಯಿಲ್ಲ ಅಂತ ಗೋಡೆಗೇ ಮೂರು ಸಲ ಬಣ್ಣ ಹೊಡೆಸಿದೆ. ನೀವಿಬ್ಬರೂ ಅರ್ಧ ಗಂಟೆಯಲ್ಲಿ ಹಿಡಿದ್ರಿ. ಸರಿ, ಏಳಿ ಎಲ್ಲರೂ. ಕತ್ತಲಾಗೋದ್ರೊಳಗೆ ರೆಕಾರ್ಡೆಲ್ಲ ಸಾಗಿಸಬೇಕು. ನಾಳೆ ಆ ವ್ಯಾಪಾರಿ ಬಂದು ಖಾಲಿ ಗೋಡೆ ನೋಡ್ಲಿ.”

ನಾಲ್ಕು ಜನ, ಒಂದು ತಳ್ಳುಗಾಡಿ, ಮೂರು ಸುತ್ತು. ಕೊನೆಯ ಸುತ್ತಿನಲ್ಲಿ ಅತ್ತಿಗೆ ಎದೆಗೊತ್ತಿಕೊಂಡ ರೆಕಾರ್ಡುಗಳ ಕಟ್ಟಿನ ಮೇಲೆ ಗದ್ದವೂರಿ, ಮೆಟ್ಟಿಲನ್ನು ಎರಡೆರಡಾಗಿ ಹತ್ತಿ ಬಂದಳು. ಹಜಾರದಲ್ಲಿ ಕಾಲಿಡಲು ಜಾಗವಿರಲಿಲ್ಲ. ಯಾವುದನ್ನು ಮೊದಲು ಹಾಕುವುದೆಂದು ಆಗಲೇ ಗುಬ್ಬಿಗೂ ಅವಳಿಗೂ ಹತ್ತಿಕೊಂಡಿತು. ಗುಬ್ಬಿ ಒಂದನ್ನು ಹಿಡಿದಿದ್ದಳು, ಅತ್ತಿಗೆ ಇನ್ನೊಂದನ್ನು. ಚಿಕ್ಕಪ್ಪ ಇಬ್ಬರದನ್ನೂ ಬದಿಗಿಟ್ಟು ಕಟ್ಟಿನ ತಳದಿಂದ ಮೂರನೆಯದನ್ನು ಎಳೆದು, ಸೂಜಿ ಇಳಿಸಿದ.

“ಶ್! ಕೂತ್ಕೊಳ್ಳಿ,” ಎಂದ. “ಶುರುವಾಯ್ತು.”