ಬೆನ್ನಿನೊಳಗಿನ ಚೀಟಿಗಳು

ಅಪ್ಪನ ತಣ್ಣಗಾದ ಬೆರಳಿಗೆ ಅಂಟಿದ್ದ ಒಣಗೋಂದನ್ನು ಮಗಳು ಒದ್ದೆ ಬಟ್ಟೆಯಿಂದ ತಿಕ್ಕುತ್ತಲೇ ಇದ್ದಳು. ಅದು ಜಪ್ಪಯ್ಯ ಅಂದರೂ ಬಿಡಲಿಲ್ಲ. ನಲವತ್ತು ವರ್ಷ ಪುಸ್ತಕಗಳಿಗೆ ಬೈಂಡ್ ಹಾಕಿದ ಕೈ ಅದು.

"ಸಾಕು ಬಿಡೇ," ಎಂದಳು ಸೋದರತ್ತೆ. "ಹೊರಗೆ ಜನ ಕಾಯ್ತಿದ್ದಾರೆ. ಎತ್ತೋ ಮುಂಚೆ ನೀನು ನಾಲ್ಕು ಮಾತಾಡ್ಬೇಕು."

"ಏನಂತ ಮಾತಾಡ್ಲಿ ಅತ್ತೆ? ಅಪ್ಪ ನನ್ನ ಹತ್ರ ಯಾವತ್ತಾದ್ರೂ ನಾಲ್ಕು ಮಾತಾಡಿದ್ನಾ?"

ಅತ್ತೆಗೆ ಅಳುವಿನ ಮಧ್ಯೆ ನಗು ಬಂತು. ಮಗಳು ಬಟ್ಟೆಯನ್ನು ಮತ್ತೆ ನೀರಿಗೆ ಅದ್ದಿದಳು. ಹೆತ್ತ ಅಪ್ಪನ ಬಗ್ಗೆ ಹೇಳಲು ಒಂದು ಮಾತೂ ಇಲ್ಲದೆ ಅವನನ್ನು ಕಳಿಸಿಕೊಡುವುದು ಹೇಗೆ?

*

ಕಾಲೇಜಿನಲ್ಲಿದ್ದಾಗ ಒಮ್ಮೆ ಹೊಸ ಕವನ ಸಂಕಲನವೊಂದನ್ನು ಅಪ್ಪನ ಮುಂದೆ ಹಿಡಿದಿದ್ದಳು. "ಓದಿ ನೋಡಪ್ಪ, ಮೈ ಜುಮ್ಮೆನ್ನತ್ತೆ."

ಅಪ್ಪ ಅದನ್ನು ಅಗಲಿಸಿ ನೋಡಿದ. "ಹೊಲಿಗೆ ಸಡಿಲ. ಇಟ್ಟು ಹೋಗು, ಸರಿ ಮಾಡ್ತೀನಿ."

ಅಂದಿನಿಂದ ಅವಳು ಅಪ್ಪನೆದುರು ಕವಿತೆಯ ಸುದ್ದಿ ಎತ್ತಲಿಲ್ಲ.

*

ಗ್ರಂಥಾಲಯದ ಮೇಡಂ ನಾಲ್ಕು ಪುಸ್ತಕಗಳನ್ನು ಅವುಚಿಕೊಂಡು ಏದುಸಿರು ಬಿಡುತ್ತ ಅಂಗಳಕ್ಕೆ ಬಂದರು.

"ಮೊನ್ನೆ ನಲ್ಲಿ ಪೈಪು ಒಡೆದು ಮೂರು ನೆಂದುಹೋದ್ವಮ್ಮ. ನಿಮ್ಮ ತಂದೆ ಕಟ್ಟಿದ ಪುಸ್ತಕದ ಬೆನ್ನು ಬಿಟ್ಟುಕೊಂಡಿದ್ದು ಇದೇ ಮೊದಲು. ಒಳಗೆ ನೋಡಿ."

ಬೆನ್ನು ಗಟ್ಟಿಯಾಗಿರಲೆಂದು ರಟ್ಟಿನ ಒಳಗೆ ಅಂಟಿಸುವ ಕಾಗದದ ಪಟ್ಟಿ. ಮೂರರಲ್ಲೂ ಅದರ ತುಂಬ ಪೆನ್ಸಿಲಿನ ಇರುವೆಯಂಥ ಅಕ್ಷರ. ಅಪ್ಪನದೇ. ಮಗಳು ಗಟ್ಟಿಯಾಗಿ ಓದತೊಡಗಿದಳು.

"ಈ ಕಥೆಯ ಹುಡುಗಿಗೆ ಲೋಕದ ಮೇಲೆಲ್ಲ ಸಿಟ್ಟು. ಆದರೆ ಕೊನೆಯಲ್ಲಿ ತಂಗಿಗೆ ಜಡೆ ಹಾಕುತ್ತಾಳೆ. ಅಲ್ಲಿ ಸೂಜಿ ನನ್ನ ಬೆರಳಿಗೇ ಚುಚ್ಚಿತು."

"ಇದನ್ನು ಬರೆದವನಿಗೆ ಮಾತು ಜಾಸ್ತಿ, ಉಸಿರು ಕಡಿಮೆ. ಆದರೂ ಇವನ ಲಿಫ್ಟ್ ನಡೆಸುವ ಮುದುಕ ಎರಡು ದಿನ ನನ್ನ ಜೊತೆಗೇ ಇದ್ದ."

"ಅರ್ಥವಾಗಲಿಲ್ಲ. ಮತ್ತೆ ಓದಿದೆ. ಆಗಲೂ ಆಗಲಿಲ್ಲ. ಅಂಗಡಿ ಬಾಗಿಲು ಹಾಕಿಕೊಂಡು ಸುಮ್ಮನೆ ಕೂತೆ."

ಅಂಗಳದ ಜನ ಹತ್ತಿರ ಸರಿದರು. ಮಗಳು ಪಟ್ಟಿಗಳನ್ನು ಮತ್ತೆ ತಿರುಗಿಸಿ ನೋಡಿದಳು. ಪಕ್ಕದ ಕೋಣೆಯಲ್ಲೇ ಇಷ್ಟು ದೊಡ್ಡ ಓದುಗನೊಬ್ಬ ಇದ್ದನಲ್ಲ!

"ಇಂಥವು ಇನ್ನೆಷ್ಟಿವೆ ಮೇಡಂ?"

"ಅವರ ಕೈ ಹಾಯ್ದಿದ್ದು ಸಾವಿರದ ಮೇಲಿವೆ. ಓದ್ಬೇಕು ಅಂದ್ರೆ ಒಂದೊಂದರ ಬೆನ್ನನ್ನೂ ಕೀಳಬೇಕು." ಮೇಡಂ ನಾಲ್ಕನೆಯ ಪುಸ್ತಕವನ್ನು ಮುಂದೆ ಚಾಚಿದರು. ಅದು ನೆಂದಿರಲಿಲ್ಲ. "ಇದು ನಂದು. ಬರೆದಿದ್ದು ಇದೊಂದೇ, ಕಟ್ಟಿದ್ದು ನಿಮ್ಮ ತಂದೆ. ಚೆನ್ನಾಗಿದೆ ಅಂತಾಗಲಿ, ಇಲ್ಲ ಅಂತಾಗಲಿ ಇವತ್ತಿನವರೆಗೆ ಒಬ್ರೂ ಹೇಳಿಲ್ಲ. ಕೊಯ್ದು ಓದ್ತೀಯಾ, ತಾಯಿ?"

ಮಗಳು ಅಪ್ಪನ ಕತ್ತಿಯನ್ನು ತಂದು ಬೆನ್ನಿನ ಅಂಚಿಗೆ ಇಟ್ಟಳು. ಇನ್ನೇನು ಒತ್ತಬೇಕು, ಅಷ್ಟರಲ್ಲಿ ಮೇಡಂ ಅವಳ ಮಣಿಕಟ್ಟು ಹಿಡಿದುಕೊಂಡರು.

"ಬೇಡ. ತಡಿ."

ಅಪ್ಪನನ್ನು ಎತ್ತಿದರು. ಜನರ ನಡುವೆ ನಡೆಯುತ್ತಿದ್ದ ಮೇಡಂ ಪುಸ್ತಕವನ್ನು ಎದೆಗೆ ಒತ್ತಿಕೊಂಡಿದ್ದರು. ಅವರ ಹೆಬ್ಬೆರಳು ಅದರ ಬೆನ್ನಿನ ಮೇಲೆ, ಕಣ್ಣು ಕಾಣದವರು ಓದುವ ಹಾಗೆ, ಮೇಲಿನಿಂದ ಕೆಳಕ್ಕೆ ಮೆಲ್ಲಗೆ ಹರಿಯುತ್ತಿತ್ತು.